ವಾರಾಂತ್ಯದ ಬರಹಕ್ಕೆ ಸಿಗದ ಸಂತೆ

ವಾರಾಂತ್ಯದ ಪ್ರವಾಸ ಲೇಖನ ಈಗ ಕನ್ನಡದಲ್ಲಿ ಒಂದು ಪ್ರಕಾರವೇ ಆಗಿಬಿಟ್ಟಿದೆ. ಭಾನುವಾರದ ಪುರವಣಿ, ಜಾಲತಾಣದ ಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಎಲ್ಲಿ ನೋಡಿದರೂ ಅದಿದೆ. ಅದರ ನಡೆ ಎಲ್ಲರಿಗೂ ಗೊತ್ತು. ಶನಿವಾರ ನಸುಕಿನಲ್ಲಿ ಹೊರಡುವುದು, ದಾರಿಯಲ್ಲೊಂದು ಚಹಾ, ಹಳೆಯ ಗುಡಿ, ಹೊಳೆಯ ದಂಡೆ, ದಂಡೆಯ ಹತ್ತಿರ ಪುಟ್ಟ ಸಂತೆ, ಬಣ್ಣದ ಬಳೆ, ನಗುವ ಅಜ್ಜಿ, ಮುಳುಗುವ ಸೂರ್ಯ. ಕೊನೆಗೆ ನಗರದ ಗದ್ದಲಕ್ಕೆ ಮರಳುವ ಬೇಸರ. ಈ ಪ್ರಕಾರವನ್ನು ಹಗುರವೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಹೊಸದಾಗಿ ಬರೆಯಲು ಶುರುಮಾಡಿದ ಅನೇಕರು ಮೊದಲು ಕೈಹಾಕುವುದು ಇದಕ್ಕೇ. ಹಾಗಾಗಿಯೇ ಕತೆ, ಕವಿತೆಗಳನ್ನು ಓದುವಷ್ಟು ನಿಷ್ಠುರವಾಗಿ ಇದನ್ನೂ ಓದಬೇಕು.

ನನ್ನ ಊರು ಕಲಬುರಗಿ. ನಮ್ಮ ಭಾಗದ ಬಗ್ಗೆ ಬಂದ ಇಂಥ ಬರಹಗಳನ್ನು ಸಿಕ್ಕಲ್ಲೆಲ್ಲ ಓದುತ್ತೇನೆ. ಓದಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಊರು ನಮ್ಮದು, ಸರಿ, ಚಿತ್ರ ಯಾರದು?

ಹೊಳೆಯನ್ನೂ ಸಂತೆಯನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸುವ ಚಿತ್ರ ಏಷ್ಯಾದ ಬೇರೆ ನೀರಿನಿಂದ ಬಂದದ್ದು. ವಿಯೆಟ್ನಾಮಿನ ಕಾನ್ ಥೋ ನಗರದ ಹತ್ತಿರ ಕಾಯ್ ರಾಂಗ್ ಎಂಬ ತೇಲುವ ಸಂತೆಯಿದೆ. ದೋಣಿಯಲ್ಲಿ ಏನು ಮಾರಾಟಕ್ಕಿದೆಯೋ ಅದರದೊಂದು ಕಾಯನ್ನು ಉದ್ದನೆಯ ಗಳಕ್ಕೆ ಕಟ್ಟಿ ಎತ್ತಿರುತ್ತಾರೆ, ದೂರದ ಗಿರಾಕಿಗೆ ಕಾಣಲೆಂದು. ಶ್ರೀನಗರದ ದಾಲ್ ಸರೋವರದಲ್ಲಿ ನಸುಕಿನ ತರಕಾರಿ ವ್ಯಾಪಾರ ದೋಣಿಯಿಂದ ದೋಣಿಗೇ ನಡೆಯುತ್ತದೆ. ಅಲ್ಲೆಲ್ಲ ನೀರೇ ದಾರಿ. ಸಂತೆ ನೀರಿನ ಮೇಲಿರುವುದು ಚೆಂದ ಕಾಣಲೆಂದಲ್ಲ, ಸರಕು ಬರುವುದು ಆ ದಾರಿಯಿಂದಲೇ ಎಂದು.

ಭೀಮೆ ಸರಕು ಹೊರುವ ಹೊಳೆಯಲ್ಲ. ಬೇಸಿಗೆಯಲ್ಲಿ ಅದರ ಪಾತ್ರದ ಬಹುಭಾಗ ಮರಳು, ಬಂಡೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ದಂಡೆಯ ಊರುಗಳಿಗೆ ನಿದ್ದೆಯಿಲ್ಲ. 2020ರ ಅಕ್ಟೋಬರ್ ನೆರೆಯಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳ ಜನ ಮನೆ ಬಿಟ್ಟು ಎತ್ತರದ ಜಾಗ ಸೇರಬೇಕಾಯಿತು. ಇಂಥ ಹೊಳೆಯ ದಂಡೆಯನ್ನು ನಂಬಿ ಯಾರು ಅಂಗಡಿ ಹಾಕುತ್ತಾರೆ? ಕ್ಷೇತ್ರಗಳಲ್ಲಿ ಹೂವು, ಕಾಯಿ ಮಾರುವವರನ್ನು ಬಿಟ್ಟರೆ ನಮ್ಮಲ್ಲಿ ವ್ಯಾಪಾರ ಕೂಡುವುದು ರಸ್ತೆ ಕೂಡುವಲ್ಲಿ, ಬಸ್ಸು ನಿಲ್ಲುವಲ್ಲಿ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಮಹಾಗಾಂವ ಕ್ರಾಸ್ ಸಿಗುತ್ತದೆ. ಆ ‘ಕ್ರಾಸ್’ ಎಂಬ ಪದದಲ್ಲಿ ಈ ಸೀಮೆಯ ಅರ್ಧ ವ್ಯಾಪಾರಶಾಸ್ತ್ರವಿದೆ.

ಕಲಬುರಗಿಯನ್ನೇ ನೋಡಿ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಈ ಊರಿಗೆ ಹೊಳೆಯೇ ಇಲ್ಲ. ಫಿರೋಜ್ ಶಹಾ 1400ರ ಸುಮಾರಿಗೆ ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಅರಮನೆ ನಗರವನ್ನು ಕಟ್ಟಿಸಿದ. ಹೊಳೆ ಇದ್ದ ಆ ಊರಿನಲ್ಲಿ ಇಂದು ಉಳಿದಿರುವುದು ಪಾಳು ಗೋಡೆಗಳು ಮತ್ತು ಒಂದು ಹಳ್ಳಿ. ಹೊಳೆ ಇಲ್ಲದ ಊರು ಬಜಾರಾಗಿ ಉಳಿಯಿತು. ಹೊರಗಿನವರು ಹೆಸರು ಕೇಳಿ ತಂಪು ಹವೆಯ ಮಳಿಗೆ ಎಂದುಕೊಳ್ಳುವ ನಮ್ಮ ಸೂಪರ್ ಮಾರ್ಕೆಟ್ ನಿಜದಲ್ಲಿ ಬಿಸಿಲಿನಲ್ಲಿ ಕುದಿಯುವ ಬಜಾರು. ಭೀಮೆಯೂ ಬೆಣ್ಣೆತೊರೆಯೂ ಈ ನಗರಕ್ಕೆ ಬರುವುದು ಪೈಪಿನಲ್ಲಿ, ನಲ್ಲಿಯ ಬಾಯಲ್ಲಿ. ಇಲ್ಲಿಯ ನದಿಯ ಬಗ್ಗೆ ಪ್ರಾಮಾಣಿಕವಾಗಿ ಬರೆಯುವವರು ಸೂರ್ಯಾಸ್ತದಷ್ಟೇ ಕೊಡಗಳ ಸಾಲನ್ನೂ ಬರೆಯಬೇಕಾಗುತ್ತದೆ. ವಾರಾಂತ್ಯದ ಲೇಖನ ಆ ಸಾಲನ್ನು ಚೌಕಟ್ಟಿನಿಂದ ಹೊರಗಿಡುತ್ತದೆ.

ಎರಡನೆಯ ತೊಡಕು ಪಂಚಾಂಗದ್ದು. ‘ವಾರಾಂತ್ಯ’ ಕಚೇರಿಯ ಮಾತು. ಸಂತೆಗೆ ಹೋಗುವವರ ವಾರ ಶನಿವಾರಕ್ಕೆ ಮುಗಿಯುವುದಿಲ್ಲ. ಅವರ ಊರಿನ ಸಂತೆ ಯಾವತ್ತೋ ಅವತ್ತಿನಿಂದ ಅವತ್ತಿಗೆ ಅವರ ವಾರ. ಒಂದೂರಿಗೆ ಸೋಮವಾರ, ಪಕ್ಕದ ಊರಿಗೆ ಬುಧವಾರ. ವ್ಯಾಪಾರಿಗಳು ಊರಿಂದ ಊರಿಗೆ ಸುತ್ತಲು ಅನುಕೂಲವಾಗಲೆಂದೇ ಈ ಹಂಚಿಕೆ. ಬಿಡುವಿದ್ದಾಗ ಮಾತ್ರ ಹೋಗುವವರಿಗೆ ಈ ಸುತ್ತಿನ ಒಂದು ತುಣುಕು ಸಿಗುತ್ತದೆ. ಉಳಿದ ಊರುಗಳ ಬಗ್ಗೆ ಅವರು ‘ನಿದ್ರಿಸುವ ಊರು’, ‘ಕಾಲ ನಿಂತ ಊರು’ ಎಂದು ಬರೆಯುತ್ತಾರೆ. ಕಾಲ ನಿಂತಿರುವುದಿಲ್ಲ, ಅವತ್ತು ಸಂತೆ ಇರುವುದಿಲ್ಲ, ಅಷ್ಟೇ. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರವನ್ನು ಶನಿವಾರ ಮಧ್ಯಾಹ್ನ ನೋಡಿ ಬರೆದದ್ದಕ್ಕೂ ಗುರುವಾರವೋ ಹುಣ್ಣಿಮೆಯೋ ನೋಡಿ ಬರೆದದ್ದಕ್ಕೂ ಅಜಗಜಾಂತರ. ದತ್ತನ ಭಕ್ತರ ದಿನ ಗುರುವಾರ. ಅವತ್ತು ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತಿರುತ್ತವೆ. ತಾನು ಯಾವ ದಿನ ಹೋಗಿದ್ದೆ ಎಂದು ಹೇಳದ ಸಂತೆಯ ಲೇಖನವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇವೆರಡೂ ತಿದ್ದಿಕೊಳ್ಳಬಹುದಾದ ಕೊರತೆಗಳು. ಮೂರನೆಯದು ಹಾಗಲ್ಲ, ಈ ಬರಹಗಳಲ್ಲಿ ಯಾರೂ ಮಾತಾಡುವುದಿಲ್ಲ. ಅಜ್ಜಿ ನಗುತ್ತಾಳೆ, ಮಗು ಕೈಬೀಸುತ್ತದೆ, ಅಂಬಿಗ ದೂರಕ್ಕೆ ನೋಡುತ್ತಾನೆ. ಮಾತೆಲ್ಲ ಲೇಖಕರದು. ಮಾಹಿತಿ ಬೇಕಾದಲ್ಲಿ ಇತಿಹಾಸದ ಒಂದು ಪರಿಚ್ಛೇದ ಬಂದು ಕೂರುತ್ತದೆ. ಭೀಮೆಯ ದಂಡೆಯ ಸನ್ನತಿ ಇದಕ್ಕೆ ಒಳ್ಳೆಯ ಉದಾಹರಣೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಸೂರು ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿಕೊಂಡಿತು. ಕಥೆ ನಿಜಕ್ಕೂ ದೊಡ್ಡದು. ಆದರೆ ಸನ್ನತಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ ಅದೇ ಪರಿಚ್ಛೇದ ಅದೇ ಧಾಟಿಯಲ್ಲಿ ಬರುತ್ತದೆ. ಆ ಕಲ್ಲನ್ನು ಓದಲು ಬಾರದೆ, ಅದರ ಮೇಲಿನ ದೇವಿಗೆ ತಲೆಮಾರುಗಳಿಂದ ನಡೆದುಕೊಂಡ ಊರಿನವರು ಆ ಬಗ್ಗೆ ಏನನ್ನುತ್ತಾರೆ ಎಂದು ಯಾರೂ ಕೇಳಿದಂತಿಲ್ಲ.

ಈ ಮೌನ ಅತಿ ಹೆಚ್ಚು ಕುಟುಕುವುದು ಮಳಖೇಡದ ಲೇಖನಗಳಲ್ಲಿ. ಕಾಗಿಣಾ ಹೊಳೆಯ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ಕನ್ನಡ ನಾಡಿನ ಗಡಿಯನ್ನು ಅವನು ಅಳೆದದ್ದು ಎರಡು ನದಿಗಳಿಂದ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಪುಸ್ತಕ ಆ ಎರಡು ನದಿಗಳ ನಡುವಿನ ಜನರ ಬಗ್ಗೆ ಹೇಳುವ ಮಾತು ಇನ್ನೂ ಮುಖ್ಯವಾದದ್ದು: ಓದು ಬರಹ ಇಲ್ಲದವರಿಗೂ ಮಾತನ್ನು ಕಾವ್ಯವಾಗಿಸುವ ಜಾಣ್ಮೆಯಿದೆ ಎಂಬುದು ಅದರ ಹೊಗಳಿಕೆ. ವಾರಾಂತ್ಯದ ಲೇಖಕರು ಮಳಖೇಡಕ್ಕೆ ಹೋಗುತ್ತಾರೆ, ಕೋಟೆಯ ಹೆಬ್ಬಾಗಿಲಿನ ಚಿತ್ರ ತೆಗೆಯುತ್ತಾರೆ, ನದಿಗಳ ಮಾತನ್ನು ಉದ್ಧರಿಸುತ್ತಾರೆ. ಯಾರ ಜಾಣ್ಮೆಯನ್ನು ಆ ಪುಸ್ತಕ ಹೊಗಳಿತೋ ಅವರ ಒಂದು ಮಾತೂ ಲೇಖನದಲ್ಲಿರುವುದಿಲ್ಲ. ಇದನ್ನು ನಾನು ಬರೀ ಶೈಲಿಯ ದೋಷ ಎನ್ನಲಾರೆ. ಕನ್ನಡದ ಮೊದಲ ವಿಮರ್ಶಕ ಹಾಕಿಕೊಟ್ಟ ದಾರಿಗೆ ಇದು ಬೆನ್ನು ತಿರುಗಿಸಿದಂತೆ.

ನಮ್ಮ ಭಾಗದ ಮಾತು ಬರಹಕ್ಕೆ ಒಗ್ಗದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಗೀತಾ ನಾಗಭೂಷಣ ಅವರು ಕಲಬುರಗಿಯ ಆಡುಮಾತಿನಲ್ಲೇ ಕಾದಂಬರಿಗಳನ್ನು ಕಟ್ಟಿದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. ಕಾದಂಬರಿ ಹೊತ್ತ ಭಾಷೆಯನ್ನು ಎರಡು ಪುಟದ ಲೇಖನ ಹೊರಲಾರದೇ?

ಮಾತು ಬಿಟ್ಟರೆ ಏನು ಹೋಗುತ್ತದೆ ಎಂಬುದಕ್ಕೆ ಕಮಲಾಪುರದ ಒಂದು ಉದಾಹರಣೆ ಕೊಡುತ್ತೇನೆ. ಹುಮನಾಬಾದ್ ದಾರಿಯ ಈ ಊರು ಕೆಂಪು ಬಾಳೆಗೆ ಹೆಸರುವಾಸಿ. ಹಣ್ಣಿಗೆ ಜಿಐ ಮಾನ್ಯತೆಯೂ ಇದೆ. ಹತ್ತಿರದ ಗಂಡೋರಿ ನಾಲಾ ಬೆಣ್ಣೆತೊರೆಗೆ ಸೇರುತ್ತದೆ. ಆದರೆ ಹಣ್ಣು ಮಾರುವವರು ಕೂರುವುದು ನೀರಿನ ಹತ್ತಿರವಲ್ಲ, ಹೆದ್ದಾರಿಯ ಬದಿಯಲ್ಲಿ. ಅಲ್ಲೊಮ್ಮೆ ಹಣ್ಣಿನ ಭಾವ ಕೇಳಿ, “ಯವ್ವಾ, ಭಾಳ ಹೇಳ್ಲತ್ತಿ” ಅಂದೆ. ಅವಳ ಉತ್ತರ ಹೀಗಿತ್ತು: “ಭಾಳೇನಿಲ್ಲಪ್ಪ. ಬ್ಯಾರೆ ಬಾಳಿ ವರ್ಷಕ್ಕ ಬರ್ತಾವ. ಇದು ಒಂದೂವರಿ ವರ್ಷ ನಿಂದರ್ತದ. ಅಲ್ಲಿತನ ನೀರ ಹಾಕೋರ್ಯಾರು, ಕಾಯೋರ್ಯಾರು?” ಹಣ್ಣು ಕಟ್ಟಿಕೊಡುತ್ತ ಇನ್ನೊಂದು ಮಾತು ಸೇರಿಸಿದಳು: “ಶನಿವಾರ ಐತ್ವಾರ ಕಾರಿನಾಗ ಬರ್ತಾರ. ಫೋಟೋ ತಗೋತಾರ, ಹಣ್ಣ ತಗೊಳ್ಳಂಗಿಲ್ಲ.”

ಇದನ್ನೇ ನಮ್ಮ ವಾಡಿಕೆಯ ಲೇಖನ ಹೀಗೆ ಬರೆಯುತ್ತದೆ: ‘ಕೆಂಪು ಬಾಳೆ ಹದಿನೆಂಟು ತಿಂಗಳ ಬೆಳೆಯಾದ್ದರಿಂದ ಬೆಲೆ ತುಸು ದುಬಾರಿ ಎಂದು ಸ್ಥಳೀಯ ವ್ಯಾಪಾರಿಯೊಬ್ಬರು ತಿಳಿಸಿದರು.’ ಮಾಹಿತಿ ಪೂರ್ತಿ ಉಳಿಯಿತು, ಹೆಂಗಸು ಹೋದಳು. ಬೆಳೆ ‘ನಿಂದರ್ತದ’ ಎಂಬ ಕ್ರಿಯಾಪದದಲ್ಲಿ ಒಂದೂವರೆ ವರ್ಷ ಹೊಲದಲ್ಲಿ ನಿಂತವರ ಕಾಲುನೋವಿತ್ತು, ಅದು ಹೋಯಿತು. ನೀರು ಹಾಕುವವರು ಯಾರು ಎಂಬ ಪ್ರಶ್ನೆಯಲ್ಲಿ ಈ ಸೀಮೆಯ ನೀರಿನ ಇಡೀ ಕಥೆಯಿತ್ತು, ಅದೂ ಹೋಯಿತು. ಫೋಟೋಕ್ಕೂ ಹಣ್ಣಿಗೂ ಒಂದೇ ‘ತಗೊ’ ಬಳಸಿ ಅವಳು ಪ್ರವಾಸಿಗರ ಮೇಲೆ ಬರೆದ ವಿಮರ್ಶೆಯಂತೂ ನನ್ನ ಈ ಲೇಖನಕ್ಕಿಂತ ಚಿಕ್ಕದು, ಚೂಪಾದದ್ದು. ಶ್ರೀವಿಜಯ ಹೊಗಳಿದ ಜಾಣ್ಮೆ ಇದೇ ಎಂದು ನಾನು ತಿಳಿಯುತ್ತೇನೆ.

‘ಎರಡು ದಿನಕ್ಕೆ ಹೋದವರಿಂದ ಇಷ್ಟೆಲ್ಲ ನಿರೀಕ್ಷಿಸುವುದು ನ್ಯಾಯವೇ?’ ಎಂದು ಕೇಳಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಂಡೆಯ ಹಳ್ಳಿಯನ್ನು ಬರೆದದ್ದು ಅಲ್ಲಿಯವರಾಗಿ, ವರ್ಷಗಟ್ಟಲೆ ಅದೇ ಮಾತು ಕೇಳಿದವರಾಗಿ. ಶನಿವಾರದ ಅತಿಥಿಗೆ ಆ ಅಳತೆಗೋಲು ಹಿಡಿಯಬಾರದು, ಒಪ್ಪಿದೆ. ಆದರೆ ಅದೇ ಗೊರೂರರು ‘ಅಮೆರಿಕದಲ್ಲಿ ಗೊರೂರು’ ಬರೆದದ್ದು ಅತಿಥಿಯಾಗಿಯೇ. ತಾನು ಯಾವ ಹಳ್ಳಿಯಿಂದ ಬಂದವನು, ಯಾರ ಕಣ್ಣಿನಿಂದ ನೋಡುತ್ತಿದ್ದೇನೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆ ಪುಸ್ತಕದ ನಗೆ ಹುಟ್ಟುವುದೇ ಅಲ್ಲಿಂದ. ಎಂದರೆ ಕಡಿಮೆ ದಿನ ಇದ್ದದ್ದು ತಪ್ಪಲ್ಲ. ಕಡಿಮೆ ದಿನ ಇದ್ದು ಎಲ್ಲ ನೋಡಿದವರಂತೆ ಬರೆಯುವುದು ತಪ್ಪು.

ಇನ್ನೊಂದು ಆಕ್ಷೇಪವೂ ಉಂಟು: ಆಡುಮಾತು ಹಾಕಿದರೆ ಅದು ಬರೀ ಅಲಂಕಾರವಾಗುತ್ತದೆ, ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ನಗಿಸಲಷ್ಟೇ ಬರುವ ಹಾಗೆ. ಈ ಭಯ ಸಾಧಾರಣದ್ದಲ್ಲ. ಆದರೆ ಅದಕ್ಕೆ ಮದ್ದು ಮಾತನ್ನು ಬಿಡುವುದಲ್ಲ. ಮಾತಿಗೆ ವಿಷಯ ಇರುವಂತೆ ನೋಡಿಕೊಳ್ಳುವುದು. ‘ಬರ್ರಿ, ಕೂಡ್ರಿ’ ಎಂದಷ್ಟೇ ಬರೆದರೆ ಅಲಂಕಾರ. ಭಾವ, ನೀರು, ಉದ್ರಿ, ಮಗಳ ಫೀಸು ಇವುಗಳ ಬಗ್ಗೆ ಅವರು ಆಡಿದ್ದನ್ನು ಬರೆದರೆ ಅದು ಸಾಕ್ಷ್ಯ.

ನಮ್ಮ ಸಾಹಿತ್ಯದಲ್ಲಿ ಸಂತೆ ಹಳೆಯ ರೂಪಕ. ಅಕ್ಕಮಹಾದೇವಿಯ ಪ್ರಸಿದ್ಧ ವಚನದಲ್ಲಿ ಸಂತೆಯೆಂದರೆ ಅದರ ಶಬ್ದ, ಅದಕ್ಕೆ ನಾಚದೆ ಬದುಕಬೇಕಾದ ಶಬ್ದ. ಇಂದಿನ ವಾರಾಂತ್ಯದ ಬರಹ ಆ ಶಬ್ದವನ್ನು ತೆಗೆದುಹಾಕಿ ಬಣ್ಣವನ್ನಷ್ಟೇ ಇಟ್ಟುಕೊಂಡಿದೆ. ಹಾಗಾಗಿ ಈ ಪ್ರಕಾರದಲ್ಲಿ ಬರೆಯಹೊರಟ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಮೂರೇ: ಯಾವ ದಿನ ಹೋದಿರಿ ಎಂದು ಬರೆಯಿರಿ, ಒಂದಾದರೂ ವಸ್ತುವಿನ ಭಾವ ಬರೆಯಿರಿ, ಒಬ್ಬರಾದರೂ ಆಡಿದ ಮಾತನ್ನು ಅವರು ಆಡಿದಂತೆಯೇ ಬರೆಯಿರಿ. ಈ ಮೂರು ಇದ್ದರೆ ಲೇಖನದಲ್ಲಿ ಸೂರ್ಯ ಮುಳುಗದಿದ್ದರೂ ಚಿಂತೆಯಿಲ್ಲ.