ಪ್ರತಿ ಇದ್ದರೆ ಸಾಲದು, ಮರಳಬೇಕು

ಬ್ಯಾಕಪ್ ಇದೆಯೇ ಎಂದು ಕೇಳಿದರೆ “ಎಲ್ಲಾ ಡ್ರೈವ್‌ನಲ್ಲಿದೆ” ಅನ್ನುವವರೇ ಈಗ ಹೆಚ್ಚು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮೂರೂ ಉಪಯುಕ್ತ ಸೇವೆಗಳು. ಆದರೆ ಅವುಗಳ ಮುಖ್ಯ ಕೆಲಸ ಸಿಂಕ್, ಅಂದರೆ ಒಂದು ಕಡೆ ಆದದ್ದನ್ನು ಎಲ್ಲ ಕಡೆಯೂ ಆಗಿಸುವುದು. ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೈಲು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಉಳಿದು ಆಮೇಲೆ ಕಾಣೆಯಾಗುತ್ತದೆ. ಹಳೆಯ ಫೋಟೊ ಇಲ್ಲವೆಂಬುದು ತಿಳಿಯುವುದು ಅದನ್ನು ಹುಡುಕಲು ಹೊರಟ ದಿನ. ಆ ಹೊತ್ತಿಗೆ ಗಡುವು ಎಂದೋ ಮುಗಿದಿರುತ್ತದೆ. ಸಿಂಕ್ ಒಂದು ಅನುಕೂಲ; ಅದನ್ನು ಬ್ಯಾಕಪ್ ಎಂದು ನಂಬುವುದು ಅಪಾಯ.

ಹಾಗಾದರೆ ಯಾವ ವಿಧಾನ ಒಳ್ಳೆಯದು? ನನ್ನ ಅಳತೆಗೋಲು ಒಂದೇ: ಕಳೆದದ್ದು ಮರಳಿ ಸಿಗುತ್ತದೆಯೇ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ನಿತ್ಯದ ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ಪ್ರತಿ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಕೆಲಸ ಪ್ರತಿ ಸಲವೂ ಸೋಲುತ್ತಿತ್ತು. ಸೋತಿತೆಂದು ಎಚ್ಚರಿಸುವ ಇಮೇಲುಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಒಬ್ಬರು ತೆಗೆದಿಟ್ಟಿದ್ದ ಪ್ರತಿ. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕೆ ನಾವು ಋಣಿಗಳಾಗಿರಬೇಕು.

ಈ ಅಳತೆಗೋಲಿಗೆ ಚೆನ್ನಾಗಿ ನಿಲ್ಲುವುದು ಆಪಲ್ 2007ರಲ್ಲಿ ತಂದ ಟೈಮ್ ಮಷಿನ್. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಡಿಸ್ಕ್ ತುಂಬುವವರೆಗೆ ಇಟ್ಟುಕೊಳ್ಳುತ್ತದೆ. ನನಗೆ ಅದರಲ್ಲಿ ಹೆಚ್ಚು ಹಿಡಿಸುವುದು ಮರಳಿ ಪಡೆಯುವ ಪರದೆ. ಫೋಲ್ಡರಿನ ಹಳೆಯ ರೂಪಗಳು ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ಬೇಕಾದ ದಿನಕ್ಕೆ ಹಿಂದೆ ಸರಿದು ಫೈಲನ್ನು ಎತ್ತಿಕೊಳ್ಳಬಹುದು. ವಿಂಡೋಸ್ 8ರ ಜೊತೆ ಬಂದ ಫೈಲ್ ಹಿಸ್ಟರಿಯದೂ ಇದೇ ಆಲೋಚನೆ. ವಿಂಡೋಸ್ 11ರಲ್ಲಿ ಅದನ್ನು ಹಳೆಯ ಕಂಟ್ರೋಲ್ ಪ್ಯಾನೆಲಿನ ಮೂಲೆಗೆ ತಳ್ಳಿ ಒನ್‌ಡ್ರೈವನ್ನು ಮುಂದಿಟ್ಟಿರುವುದು ಬಳಕೆದಾರರಿಗೆ ಮಾಡಿದ ಅನ್ಯಾಯ. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ. ಒಂದು ಮದುವೆಯ ಫೋಟೊಗಳಿಗೂ ಅದು ಸಾಲದು.

ಫಾರ್ಮ್ಯಾಟ್ ಮಾಡಿಸುವಾಗ ಉಳಿಯಲಿ ಎಂದು ಎಲ್ಲವನ್ನೂ ಡಿ ಡ್ರೈವಿನಲ್ಲಿ ಇಡುವ ಅಭ್ಯಾಸವೂ ನಮ್ಮಲ್ಲಿ ಬಲವಾಗಿದೆ. ಸಿ, ಡಿ ಎರಡೂ ಬಹುಪಾಲು ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಜೊತೆಗೆ, ಡಿ ಡ್ರೈವಿನಲ್ಲಿ ನಾವೇ ಮಾಡಿಕೊಂಡ ಫೋಲ್ಡರುಗಳನ್ನು ಲೈಬ್ರರಿಗೆ ಸೇರಿಸದಿದ್ದರೆ ಫೈಲ್ ಹಿಸ್ಟರಿ ಅವನ್ನು ಮುಟ್ಟುವುದೇ ಇಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಗಟ್ಟಿಯಾದದ್ದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಆದರೂ ಅದರಲ್ಲೊಂದು ಕೊರತೆಯಿದೆ. ಇಟ್ಟ ಪ್ರತಿಯನ್ನು ತೆರೆದು ನೋಡು ಎಂದು ಅದು ಹೇಳುವುದಿಲ್ಲ. ಇನ್ನೊಂದು ತೊಡಕು, ಗಂಟೆಗೊಂದು ಪ್ರತಿ ಬೇಕಾದರೆ ಡಿಸ್ಕ್ ಸದಾ ಜೋಡಿಸಿರಬೇಕು. ಹಾಗೆ ಜೋಡಿಸಿದ್ದನ್ನು 2017ರ ಮೇ ತಿಂಗಳಿನ ವಾನಾಕ್ರೈನಂಥ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಬಿಡುವುದಿಲ್ಲ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಟ್ಟುಕೊಂಡು ಒಂದನ್ನು ಕಿತ್ತು ಅಕ್ಕನ ಮನೆಯಲ್ಲೋ ಊರಿನಲ್ಲೋ ಇಟ್ಟು, ಆಗಾಗ ಅದಲುಬದಲು ಮಾಡುವುದಕ್ಕಿಂತ ಉತ್ತಮ ದಾರಿ ಮನೆಬಳಕೆಗೆ ನನಗೆ ಕಂಡಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಷ್ಟೂ ಸಾಲದು. ಯೂನಿಕೋಡ್‌ಗೆ ಮುಂಚೆ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಒಂದು ಬೈಟೂ ಕೆಡದೆ ಮರಳಿದರೂ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಎಷ್ಟೋ ಡಿಟಿಪಿ ಕೇಂದ್ರಗಳಲ್ಲಿ ಪುಸ್ತಕಗಳು ಇಂದಿಗೂ ಹೀಗೇ ಇವೆ, ಅದೂ ಅಡೋಬಿ ಕೈಬಿಟ್ಟು ವರ್ಷಗಳೇ ಆದ ಪೇಜ್‌ಮೇಕರ್ ಕಡತಗಳಾಗಿ. ಫಾಂಟ್ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ, ಯೂನಿಕೋಡ್‌ಗೆ ಬದಲಿಸಿದ ಪ್ರತಿಯನ್ನೂ ಪಿಡಿಎಫ್ ಅನ್ನೂ ಜೊತೆಗಿಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಆದ್ದರಿಂದ ಮೂಲವನ್ನು ಅಳಿಸಬಾರದು. ತಿದ್ದುವಾಗ ಯಾವುದು ಸರಿಯೆಂದು ನೋಡಲು ಆ ಪಿಡಿಎಫ್ ಬೇಕಾಗುತ್ತದೆ.