ಸೂಜಿ ಚುಚ್ಚಿದ್ದಕ್ಕೇ ನೋವು ಹೋಯಿತೆ?

ನಿಮ್ಮ ಮನೆಗೂ ಇಂಥ ಕರಪತ್ರ ಬಂದಿರಬಹುದು. ಬೆಳಗ್ಗೆ ಪತ್ರಿಕೆ ಬಿಡಿಸಿದೊಡನೆ ಒಳಗಿನಿಂದ ಜಾರಿ ಬೀಳುತ್ತದೆ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಮ್ಮ ಬೀದಿಗೆ ಬಂದದ್ದರಲ್ಲಿ ಹತ್ತು ದಿನಗಳ ಆಕ್ಯುಪಂಕ್ಚರ್ ಶಿಬಿರದ ಪ್ರಕಟಣೆ ಇತ್ತು. ಮಂಡಿನೋವು, ಸೊಂಟನೋವು, ಅರೆತಲೆನೋವು, ಬಿ.ಪಿ., ಸಕ್ಕರೆ ಕಾಯಿಲೆ, ಬಂಜೆತನ ಎಲ್ಲಕ್ಕೂ ಔಷಧಿಯಿಲ್ಲದ, ಅಡ್ಡ ಪರಿಣಾಮವಿಲ್ಲದ ಪರಿಹಾರ ಎಂಬ ಭರವಸೆ. ಅದಕ್ಕೆ ಕೊಟ್ಟಿದ್ದ ಆಧಾರಗಳು ಮೂರು: ಐದು ಸಾವಿರ ವರ್ಷಗಳ ಇತಿಹಾಸ, ಡಾ. ಕೋಟ್ನೀಸ್ ಅವರ ಹೆಸರು ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ.

ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರು ಶಿಬಿರಕ್ಕೆ ಹೋದರು. ಮಂಡಿನೋವಿನಿಂದಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನು ಬಿಟ್ಟು ಅವರಿಗೆ ಒಂದು ವರ್ಷವಾಗಿತ್ತು. ಶಿಬಿರ ಮುಗಿದ ಮೇಲಿನ ಭಾನುವಾರ ನಂದಿಯವರೆಗೆ ಹತ್ತಿ ಇಳಿದು ಬಂದರು. ಸಂಜೆ ಗೇಟಿನ ಬಳಿ ನಿಂತು ಕೇಳಿದರು: "ಏನಪ್ಪಾ, ನೀನು ಇದನ್ನೆಲ್ಲ ನಂಬೋನಲ್ಲ. ನನ್ನ ನೋವು ಇಳಿದಿರೋದು ಸುಳ್ಳಾ? ಬಿ.ಪಿ. ಮಾತ್ರೇನೂ ನಿಲ್ಲಿಸಬಹುದು ಅಂದಿದಾರೆ. ಏನು ಮಾಡ್ಲಿ?"

ಇಲ್ಲಿರುವುದು ಒಂದು ಪ್ರಶ್ನೆಯಲ್ಲ, ಎರಡು ಎಂಬುದನ್ನು ಗಮನಿಸಿ. ನೋವು ಇಳಿಯಿತೆ ಎಂಬುದು ಒಂದು. ಇಳಿಸಿದ್ದು ಸೂಜಿಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೇಷ್ಟ್ರ ಮಾತೇ ಸಾಕ್ಷಿ, ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಎರಡನೆಯದಕ್ಕೆ ಅವರ ಮಾತು ಸಾಕ್ಷಿಯಾಗಲಾರದು, ನನ್ನದೂ ಆಗಲಾರದು. ಕರಪತ್ರ ಬರೆದವರು ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಅಂಟಿಸಿ, ಅದರ ಬಲದ ಮೇಲೆ ಬಿ.ಪಿ.ವರೆಗೂ ಹೋಗಿಬಿಟ್ಟಿದ್ದರು.

ಮೊದಲು ಆ ಮೂರು ಆಧಾರಗಳನ್ನು ನೋಡೋಣ. ಈ ಪದ್ಧತಿಯನ್ನು ವ್ಯವಸ್ಥಿತವಾಗಿ ವಿವರಿಸುವ ಚೀನೀ ಗ್ರಂಥ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಹಳೆಯದೆಂಬ ಕಾರಣಕ್ಕೆ ಚೀನೀಯರೇ ಇದನ್ನು ಸದಾ ತಲೆಯ ಮೇಲೆ ಹೊತ್ತುಕೊಂಡಿರಲಿಲ್ಲ. 1822ರಲ್ಲಿ ಅಲ್ಲಿನ ಚಕ್ರವರ್ತಿಯ ಆಜ್ಞೆಯಂತೆ ರಾಜವೈದ್ಯಶಾಲೆಯಿಂದ ಇದನ್ನು ಹೊರಗಿಡಲಾಯಿತು. ಮತ್ತೆ ಸರಕಾರದ ಬೆಂಬಲ ದೊರೆತದ್ದು 1950ರ ದಶಕದಲ್ಲಿ, ಮಾವೋ ಕಾಲದಲ್ಲಿ.

ಕೋಟ್ನೀಸ್ ನಮಗೆ ಹತ್ತಿರದವರು. ಕನ್ನಡ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು. 1938ರಲ್ಲಿ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ಯುದ್ಧದ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕೀರ್ತಿ ಶಸ್ತ್ರವೈದ್ಯನದು, ಸೂಜಿವೈದ್ಯನದಲ್ಲ. ಆಕ್ಯುಪಂಕ್ಚರನ್ನು ಚೀನದಲ್ಲಿ ಕಲಿತು 1950ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಕ್ಕೆ ತಂದವರು ಅದೇ ತಂಡದ ಇನ್ನೊಬ್ಬ ಸದಸ್ಯ, ಡಾ. ಬಿಜಯ್ ಕುಮಾರ್ ಬಸು. ಕೋಟ್ನೀಸರ ತ್ಯಾಗ ದೊಡ್ಡದು ನಿಜ, ಆದರೆ ಅದು ಮಂಡಿನೋವಿನ ಚಿಕಿತ್ಸೆಗೆ ಪ್ರಮಾಣಪತ್ರವಲ್ಲ.

ಮೂರನೆಯದು ತೂಕದ ಆಧಾರ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ವರದಿ ಪ್ರಕಟಿಸಿದ್ದು ಹೌದು. ಆಕ್ಯುಪಂಕ್ಚರಿನ ಪರಿಣಾಮ ಸಿದ್ಧವಾಗಿದೆ ಎಂದು ಅದರಲ್ಲಿ 28 ತೊಂದರೆಗಳ ಪಟ್ಟಿ ಇದೆ. ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಅದರಲ್ಲಿ ರಕ್ತದೊತ್ತಡದ ಏರಿಕೆಯೂ ಇದೆ, ಇಳಿತವೂ ಇದೆ. ಬ್ಯಾಕ್ಟೀರಿಯದಿಂದ ಬರುವ ಆಮಶಂಕೆಯೂ ಇದೆ! ಅದು ಪರಿಶೀಲಿಸಿದ್ದು 1999ರ ಆರಂಭದವರೆಗಿನ ಪ್ರಯೋಗಗಳನ್ನು ಮಾತ್ರ. ಅವುಗಳಲ್ಲಿ ಬಹಳಷ್ಟು ಚೀನದವು, ಹಲವಕ್ಕೆ ಸರಿಯಾದ ಹೋಲಿಕೆ ಗುಂಪೇ ಇರಲಿಲ್ಲ. 1998ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಚೀನ, ಜಪಾನ್, ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಿಂದ ಬಂದ ಆಕ್ಯುಪಂಕ್ಚರ್ ಪ್ರಯೋಗಗಳೆಲ್ಲವೂ ಯಶಸ್ವಿ ಎಂದು ವರದಿಯಾಗಿದ್ದುದು ಕಂಡುಬಂತು. ತರಗತಿಯ ಎಲ್ಲ ಮಕ್ಕಳೂ ನೂರಕ್ಕೆ ನೂರು ತೆಗೆದರೆ ಮೇಷ್ಟ್ರು ಸಂತೋಷಪಡುವ ಮೊದಲು ಪ್ರಶ್ನೆಪತ್ರಿಕೆಯತ್ತ ನೋಡುತ್ತಾರಲ್ಲವೆ?

ಈಗ ಮುಖ್ಯ ವಿಷಯ. ಆಕ್ಯುಪಂಕ್ಚರಿನ ಸಿದ್ಧಾಂತದಂತೆ 'ಚೀ' ಎಂಬ ಜೀವಶಕ್ತಿ ದೇಹದಲ್ಲಿ 14 ಮಾರ್ಗಗಳಲ್ಲಿ ಹರಿಯುತ್ತದೆ, ಆ ಮಾರ್ಗಗಳ ಮೇಲೆ 361 ಬಿಂದುಗಳಿವೆ. ಸರಿಯಾದ ಬಿಂದುವಿಗೆ ಚುಚ್ಚಿದರೆ ಹರಿವು ಸರಿಹೋಗುತ್ತದೆ. ಅಂಗರಚನಾಶಾಸ್ತ್ರದಲ್ಲಿ ಈ ಮಾರ್ಗಗಳು ಕಾಣಸಿಗುವುದಿಲ್ಲ. ಅದನ್ನು ಬದಿಗಿಟ್ಟರೂ ಸಿದ್ಧಾಂತವನ್ನು ಪರೀಕ್ಷಿಸಬಹುದು. ಬಿಂದು ಮುಖ್ಯವಾಗಿದ್ದರೆ, ತಪ್ಪು ಜಾಗಕ್ಕೆ ಚುಚ್ಚಿದಾಗ ಗುಣವಾಗಬಾರದು. ಚುಚ್ಚುವುದೇ ಮುಖ್ಯವಾಗಿದ್ದರೆ, ಚುಚ್ಚಿದಂತೆ ನಟಿಸಿದಾಗ ಗುಣವಾಗಬಾರದು.

ಆದರೆ ಸೂಜಿಗೆ ಹುಸಿಮದ್ದು ತಯಾರಿಸುವುದು ಹೇಗೆ? ಮಾತ್ರೆಗಾದರೆ ಸಕ್ಕರೆಯ ಗುಳಿಗೆ ಸಾಕು. 1998ರಲ್ಲಿ ಜರ್ಮನಿಯ ಸಂಶೋಧಕರು ಮೊಂಡು ತುದಿಯ ಸೂಜಿಯೊಂದನ್ನು ಪ್ರಕಟಿಸಿದರು. ನಮ್ಮ ಕಂಪನಿ ನಾಟಕಗಳ ಚೂರಿಯಂತೆ ಅದು ಒತ್ತಿದಾಗ ಹಿಡಿಯೊಳಗೆ ಸರಿಯುತ್ತದೆ, ಚರ್ಮವನ್ನು ತೂರುವುದಿಲ್ಲ. ರೋಗಿಗೆ ಚುಚ್ಚಿದಂತೆಯೇ ಭಾಸವಾಗುತ್ತದೆ.

2007ರಲ್ಲಿ ಜರ್ಮನಿಯಿಂದಲೇ ದೊಡ್ಡದೊಂದು ಪ್ರಯೋಗದ ಫಲಿತಾಂಶ ಬಂತು. ದೀರ್ಘಕಾಲದ ಸೊಂಟನೋವಿನ 1162 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಗಿತ್ತು. ಆರು ತಿಂಗಳ ನಂತರ ಸಾಕಷ್ಟು ಸುಧಾರಣೆ ಕಂಡವರು ಶಾಸ್ತ್ರೋಕ್ತ ಆಕ್ಯುಪಂಕ್ಚರಿನ ಗುಂಪಿನಲ್ಲಿ ಶೇ. 47.6. ಬಿಂದುಗಳಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇ. 27.4. 2009ರಲ್ಲಿ ಅಮೆರಿಕದಲ್ಲಿ 638 ಜನರ ಮೇಲೆ ನಡೆದ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ಒಂದು ಗುಂಪಿಗೆ ಸೂಜಿಯ ಬದಲು ಹಲ್ಲುಕಡ್ಡಿಯನ್ನು ಕೊಳವೆಯೊಳಗಿಟ್ಟು ಬೆನ್ನಿಗೆ ತಾಗಿಸಿದರಷ್ಟೆ. ಎಂಟು ವಾರಗಳ ನಂತರ ಸೂಜಿಯವರಲ್ಲೂ ಕಡ್ಡಿಯವರಲ್ಲೂ ಸುಮಾರು ಶೇ. 60 ಮಂದಿಗೆ ಓಡಾಟ ಸುಧಾರಿಸಿತ್ತು. ಬರೇ ರೂಢಿಯ ಚಿಕಿತ್ಸೆಯವರಲ್ಲಿ ಶೇ. 39.

ಇದನ್ನು ನೀವು ಎರಡು ರೀತಿ ಓದಬಹುದು. 'ರೂಢಿಯ ಚಿಕಿತ್ಸೆಗಿಂತ ಆಕ್ಯುಪಂಕ್ಚರ್ ಮೇಲು' ಎಂದು ಕರಪತ್ರದವರು ಓದುತ್ತಾರೆ, ಅದು ಸುಳ್ಳಲ್ಲ. ಆದರೆ ಹಲ್ಲುಕಡ್ಡಿಯೂ ಅಷ್ಟೇ ಮೇಲು! ಅಂದಮೇಲೆ 361 ಬಿಂದುಗಳನ್ನು ವರ್ಷಗಟ್ಟಲೆ ಕಂಠಪಾಠ ಮಾಡಿದ್ದೇಕೆ?

ಸೂಜಿಗೆ ಸ್ವಂತದ್ದೇನೂ ಇಲ್ಲವೆ? ನ್ಯಾಯವಾಗಿ ಹೇಳಬೇಕೆಂದರೆ, ಸ್ವಲ್ಪ ಇರಬಹುದು. 2012ರಲ್ಲಿ 29 ಪ್ರಯೋಗಗಳ 17,922 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ವಿಶ್ಲೇಷಿಸಲಾಯಿತು. ಫಲಿತಾಂಶ ಸುಲಭವಾಗಿ ತಿಳಿಯಲೆಂದು ಸಂಶೋಧಕರೇ ಒಂದು ಉದಾಹರಣೆ ಕೊಟ್ಟಿದ್ದಾರೆ. ನೂರರ ಅಳತೆಯಲ್ಲಿ ನೋವು ಮೊದಲು 60 ಇತ್ತೆನ್ನಿ. ಆಕ್ಯುಪಂಕ್ಚರ್ ಪಡೆಯದವರಲ್ಲಿ ಅದು 43ಕ್ಕೆ, ಹುಸಿ ಸೂಜಿಯವರಲ್ಲಿ 35ಕ್ಕೆ, ನಿಜ ಸೂಜಿಯವರಲ್ಲಿ 30ಕ್ಕೆ ಇಳಿಯುತ್ತದೆ. ಕಪ್ಪುಹಲಗೆಯ ಮೇಲೆ ಕಳೆಯುವ ಲೆಕ್ಕ ಮಾಡಿ. ಒಟ್ಟು ಇಳಿದದ್ದು 30. ಅದರಲ್ಲಿ 17 ಸೂಜಿಯ ಸುದ್ದಿಯೇ ಇಲ್ಲದೆ ಇಳಿದದ್ದು, 8 ಹುಸಿ ಸೂಜಿಯಿಂದ, ಸರಿಯಾದ ಬಿಂದುವಿಗೆ ಸರಿಯಾಗಿ ಚುಚ್ಚಿದ್ದರ ಪಾಲು 5. ಈ ಐದರ ಮೇಲೂ ಒಂದು ಅನುಮಾನ ಉಳಿಯುತ್ತದೆ. ಯಾವುದು ನಿಜ, ಯಾವುದು ಹುಸಿ ಎಂಬುದು ರೋಗಿಗೆ ತಿಳಿಯದಿದ್ದರೂ ಚುಚ್ಚುವವರಿಗೆ ತಿಳಿದಿರುತ್ತದೆ. ಅವರ ಮುಖಭಾವ, ಮಾತು ಬದಲಾಗುವುದಿಲ್ಲವೆ? ಮಾತಿನ ಬಲ ಸಣ್ಣದಲ್ಲ. ಕರುಳಿನ ಕಿರಿಕಿರಿಯ 262 ರೋಗಿಗಳಿಗೆ ಹುಸಿ ಸೂಜಿಯನ್ನಷ್ಟೇ ಬಳಸಿ ನಡೆಸಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಸುಮ್ಮನೆ ಕಾದವರಲ್ಲಿ ಶೇ. 28, ಹುಸಿ ಸೂಜಿಯವರಲ್ಲಿ ಶೇ. 44, ಹುಸಿ ಸೂಜಿಯ ಜೊತೆಗೆ ಆತ್ಮೀಯವಾಗಿ ಮಾತನಾಡಿಸಿಕೊಂಡವರಲ್ಲಿ ಶೇ. 62 ಮಂದಿ ತಕ್ಕಷ್ಟು ಉಪಶಮನವಾಯಿತು ಎಂದರು. ನಮ್ಮ ಹೊರರೋಗಿ ವಿಭಾಗಗಳ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಚೀಟಿ ಹಿಡಿದು ಹೊರಬಿದ್ದವರು ಈ ಅಂಕಿಗಳ ಬಗ್ಗೆ ಯೋಚಿಸಬೇಕು. ಶಿಬಿರದವರು ಮೇಷ್ಟ್ರನ್ನು ದಿನಾ ಅರ್ಧ ಗಂಟೆ ಮಲಗಿಸಿ ಯೋಗಕ್ಷೇಮ ವಿಚಾರಿಸುತ್ತಿದ್ದರಂತೆ.

ಚುಚ್ಚಿದಾಗ ದೇಹ ಸುಮ್ಮನಿರುವುದಿಲ್ಲ ಎಂಬುದೂ ನಿಜವೇ. ನೋವು ತಗ್ಗಿಸುವ ಎಂಡಾರ್ಫಿನ್‌ಗಳ ಪಾತ್ರವನ್ನು 1970ರ ದಶಕದಿಂದ ಚರ್ಚಿಸಲಾಗುತ್ತಿದೆ. ಸೂಜಿ ಚುಚ್ಚಿ ತಿರುಗಿಸಿದ ಜಾಗದಲ್ಲಿ ಅಡಿನೋಸಿನ್ ಹೆಚ್ಚುವುದನ್ನು 2010ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಇವೆಲ್ಲ ನರ ಮತ್ತು ರಾಸಾಯನಿಕಗಳ ಸಂಗತಿಗಳು. 'ಚೀ'ಗೂ ಇವಕ್ಕೂ ಸಂಬಂಧವಿಲ್ಲ.

ಆ 17ಕ್ಕೆ ಬರೋಣ. ಇದನ್ನು ತರಗತಿಯಲ್ಲೇ ತೋರಿಸಬಹುದು. 42 ಮಕ್ಕಳಿದ್ದರೆ ಪ್ರತಿಯೊಬ್ಬರೂ ಎರಡು ದಾಳಗಳನ್ನು ಉರುಳಿಸಲಿ. ಮೊತ್ತವೇ ಅವರ 'ನೋವು'. ಮೊತ್ತ 10 ಅಥವಾ ಹೆಚ್ಚು ಬಂದವರು ಮಾತ್ರ ಚಿಕಿತ್ಸೆಗೆ ಮುಂದೆ ಬರಲಿ. 36 ಸಾಧ್ಯತೆಗಳಲ್ಲಿ 6 ಅಂಥವು, ಹಾಗಾಗಿ ಸುಮಾರು ಏಳು ಮಂದಿ ಬರುತ್ತಾರೆ. ಅವರ ಮಂಡಿಗೆ ಗಂಭೀರವಾಗಿ ಹಲ್ಲುಕಡ್ಡಿ ತಾಗಿಸಿ ಮತ್ತೆ ದಾಳ ಉರುಳಿಸಲು ಹೇಳಿ. ಏಳರಲ್ಲಿ ಸುಮಾರು ಆರು ಮಂದಿಯ 'ನೋವು' ಹತ್ತಕ್ಕಿಂತ ಕೆಳಗಿಳಿದಿರುತ್ತದೆ! ಕಡ್ಡಿ ಏನೂ ಮಾಡಲಿಲ್ಲ. ಮೊತ್ತ ಹೆಚ್ಚಾದವರನ್ನೇ ನಾವು ಆರಿಸಿಕೊಂಡೆವು, ಅವರು ಸರಾಸರಿಯತ್ತ ಮರಳಿದರು. ಮಂಡಿನೋವು ಏರಿಳಿಯುವ ನೋವು. ಜನ ಶಿಬಿರಕ್ಕೆ ಹೋಗುವುದು ಅದು ಏರಿದಾಗ. ಗುಣ ಕಾಣದ ಏಳನೆಯವನನ್ನು ಏನು ಮಾಡುತ್ತೀರಿ? 'ಇನ್ನೂ ಹತ್ತು ದಿನ ಬರಬೇಕು' ಎನ್ನುತ್ತೀರಿ. ಅವನು ಮೂರನೆಯ ಸಲ ಉರುಳಿಸಿದಾಗ ಅವನಿಗೂ ಗುಣವಾಗುವ ಸಂಭವ ಆರರಲ್ಲಿ ಐದು.

ಕರಪತ್ರದ ಉಳಿದ ಕಾಯಿಲೆಗಳ ವಿಷಯ ಬೇಗ ಮುಗಿಯುತ್ತದೆ. ಪ್ರನಾಳ ಶಿಶು ಚಿಕಿತ್ಸೆಯ ಜೊತೆ ಆಕ್ಯುಪಂಕ್ಚರ್ ಪಡೆದ ಮಹಿಳೆಯರಲ್ಲಿ ಹೆರಿಗೆಯವರೆಗೆ ತಲುಪಿದವರು ಶೇ. 18.3, ಹುಸಿ ಸೂಜಿಯವರಲ್ಲಿ ಶೇ. 17.8. ಇದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ 848 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದದ್ದು. ರಕ್ತದೊತ್ತಡಕ್ಕೆ ಸಂಬಂಧಿಸಿದಂತೆ 2006ರಲ್ಲಿ 192 ಮಂದಿಯ ಅಮೆರಿಕದ ಪ್ರಯೋಗವಿದೆ. ಹತ್ತು ವಾರಗಳಲ್ಲಿ ನಿಜ ಸೂಜಿಯವರಲ್ಲೂ ಹುಸಿ ಸೂಜಿಯವರಲ್ಲೂ ಮೇಲಿನ ಅಂಕಿ ಇಳಿದದ್ದು 4 ಮಿಲಿಮೀಟರಿಗಿಂತ ಕಡಿಮೆ, ಎರಡಕ್ಕೂ ಗಣನೀಯ ವ್ಯತ್ಯಾಸವಿಲ್ಲ. ನೋವಾದರೆ ನಿಮಗೆ ತಿಳಿಯುತ್ತದೆ. ಬಿ.ಪಿ. ಹಾಗಲ್ಲ, ಏರಿದರೂ ಬಹುಮಟ್ಟಿಗೆ ತಿಳಿಯುವುದಿಲ್ಲ. ನಂಬಿಕೆ, ಆತ್ಮೀಯ ಮಾತು ಮಂಡಿಯನ್ನು ಸಮಾಧಾನಪಡಿಸಬಹುದು. ರಕ್ತನಾಳದ ಭಿತ್ತಿಗೆ ಆ ಮಾತು ಕೇಳಿಸುವುದಿಲ್ಲ.

'ಹಾಗಾದರೆ ಸರಕಾರ ಏಕೆ ಒಪ್ಪಿದೆ?' ಎಂದು ವಿದ್ಯಾರ್ಥಿಗಳು ಕೇಳಬಹುದು. ಪಶ್ಚಿಮ ಬಂಗಾಳ 1996ರಲ್ಲಿ, ಮಹಾರಾಷ್ಟ್ರ 2015ರಲ್ಲಿ ಇದಕ್ಕೆ ಕಾಯಿದೆ ಮಾಡಿವೆ. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಪದವಿಯ ಪಠ್ಯದಲ್ಲೂ ಆಕ್ಯುಪಂಕ್ಚರ್ ಇದೆ. ಯಾರು ಚುಚ್ಚಬಹುದು ಎಂಬುದನ್ನು ಕಾಯಿದೆ ಹೇಳುತ್ತದೆ. ಚುಚ್ಚಿದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾದದ್ದು ಪ್ರಯೋಗ. ಯಾರು ಚುಚ್ಚುತ್ತಾರೆಂಬುದೂ ಸಣ್ಣ ವಿಷಯವಲ್ಲ. ಸರಿಯಾಗಿ ಶುದ್ಧೀಕರಿಸದ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ, ಎದೆಗೆ ಆಳವಾಗಿ ಚುಚ್ಚಿ ಶ್ವಾಸಕೋಶ ತೂತಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ಆದರೆ 'ಅಡ್ಡ ಪರಿಣಾಮವಿಲ್ಲ' ಎಂಬ ಮಾತು ಸುಳ್ಳು.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು: ನೋವು ಇಳಿದದ್ದು ನಿಜ, ಹಿತವಾಗಿದ್ದರೆ ಸೂಜಿ ಬಿಡಬೇಕಾಗಿಲ್ಲ, ಹೊಸ ಸೂಜಿಯನ್ನೇ ಬಳಸುವಂತೆ ನೋಡಿಕೊಳ್ಳಿ, ಮಾತ್ರೆ ಮಾತ್ರ ಬಿಡಬೇಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಟ್ಟು ಹದಿನೈದು ದಿನ ಆಯ್ತಲ್ಲಪ್ಪಾ" ಎಂದರು. ಆಗಲೇ ಇಬ್ಬರೂ ವೃತ್ತದ ಬಳಿಯ ಕ್ಲಿನಿಕ್ಕಿಗೆ ನಡೆದೆವು. ಮಂಡಿ ನಿಜವಾಗಿಯೂ ಹಗುರವಾಗಿತ್ತು, ನನಗಿಂತ ಮುಂದೆ ನಡೆಯುತ್ತಿದ್ದರು. ಅಳೆದಾಗ ಬಿ.ಪಿ. 178ಕ್ಕೆ 104 ಇತ್ತು.