ಪುರವರ್ಣನೆಯೂ ಪೇಟೆಯ ತಿರುಗಾಟವೂ

ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ನಗರವನ್ನೇ ಮೊದಲು ಹೇಳಿರುವನು. ಸಮುದ್ರ, ಪರ್ವತ, ಋತು, ಚಂದ್ರೋದಯಗಳೆಲ್ಲ ಅದರ ಹಿಂದೆ ಬರತಕ್ಕವು. ಈ ಕ್ರಮಕ್ಕೆ ಛಂದಸ್ಸಿನ ಅನುಕೂಲವೇ ಕಾರಣವಾಗಿದ್ದಿರಬಹುದು. ಆದರೆ ನಮ್ಮ ಕವಿಗಳು ಅದನ್ನು ಆಜ್ಞೆಯೆಂದೇ ಶಿರಸಾವಹಿಸಿ, ಕಥೆ ಆರಂಭವಾಗುವುದಕ್ಕೆ ಮುಂಚೆ ಓದುಗನನ್ನು ಒಂದು ಪಟ್ಟಣದ ಹೆಬ್ಬಾಗಿಲಿನಲ್ಲಿ ನಿಲ್ಲಿಸಿ, ಕೋಟೆ ಕಂದಕಗಳನ್ನು ದಾಟಿಸಿ, ಅಂಗಡಿಬೀದಿಯಲ್ಲಿ ಒಂದು ಸುತ್ತು ತಿರುಗಿಸದೆ ಬಿಟ್ಟವರಲ್ಲ.

ಈ ಹಳೆಯ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ನಮ್ಮ ಪತ್ರಿಕೆಯ ಸಂಪಾದಕರು ಕಳೆದ ತಿಂಗಳು ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದು, ಪ್ರವಾಸಲೇಖನಗಳ ಒಂದು ಕಟ್ಟನ್ನು ನನ್ನ ಮುಂದಿಟ್ಟು, ಇವುಗಳಲ್ಲಿ ಅಚ್ಚಿಗೆ ಅರ್ಹವಾದುವು ಯಾವುವೆಂದು ಕೇಳಿದರು. ಬರೆದವರೆಲ್ಲರೂ ವಿದ್ಯಾವಂತರು, ಒಳ್ಳೆಯ ಮನೆತನಗಳವರು. ಒಬ್ಬರು ಬ್ಯಾಂಕಾಕಿಗೆ ಹೋಗಿಬಂದವರು, ಮತ್ತೊಬ್ಬರು ಕ್ವಾಲಾಲಂಪುರಕ್ಕೆ, ಇಬ್ಬರು ಸಿಂಗಪುರಕ್ಕೆ. ಬೆಳಗ್ಗೆ ಒಂದು ದೇವಾಲಯ ಅಥವಾ ಬುದ್ಧವಿಹಾರ, ಮಧ್ಯಾಹ್ನ ಒಂದು ಎತ್ತರವಾದ ಗೋಪುರ, ಅಲ್ಲಿಂದ ಇಳಿದು ಪೇಟೆ, ಪೇಟೆಯಲ್ಲಿ ಕೊಂಡ ವಸ್ತುಗಳು, ಅವುಗಳ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಮಾಡಿದ ಲೆಕ್ಕ, ರಾತ್ರಿ ದೀಪಾಲಂಕಾರ: ಎಲ್ಲರ ದಿನವೂ ಇದೇ. ಭಾಷೆಯಲ್ಲಿ ದೋಷವಿಲ್ಲ, ಸಂಗತಿಯಲ್ಲಿ ಸುಳ್ಳಿಲ್ಲ. ಆದರೂ ಕಟ್ಟನ್ನು ಓದಿ ಮುಗಿಸಿದ ಮೇಲೆ, ಬ್ಯಾಂಕಾಕಿನ ಹೆಸರನ್ನು ತೆಗೆದು ಸಿಂಗಪುರವೆಂದು ಬರೆದಿದ್ದರೂ ನಾನು ಆಕ್ಷೇಪಿಸುತ್ತಿರಲಿಲ್ಲವೆಂದು ತೋರಿತು. ನೋಡಿಬಂದ ಊರು ಬರಹದೊಳಗೆ ಬರಲಿಲ್ಲವೇಕೆ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ತಪ್ಪನ್ನೆಲ್ಲ ಈಗಿನವರ ಮೇಲೆ ಹೊರಿಸುವುದು ನ್ಯಾಯವಲ್ಲ. ದಾರಿಯನ್ನು ಹಾಕಿಕೊಟ್ಟವರು ದೊಡ್ಡವರೇ. ಏಳನೆಯ ಶತಮಾನದ ಬಾಣಭಟ್ಟನು ಕಾದಂಬರಿಯಲ್ಲಿ ಉಜ್ಜಯಿನಿಯ ವಿಪಣಿಮಾರ್ಗಗಳನ್ನು ವರ್ಣಿಸುತ್ತ, ಶಂಖ, ಶುಕ್ತಿ, ಮುತ್ತು, ಹವಳ, ಮರಕತಗಳ ರಾಶಿಗಳನ್ನು ಹರಡಿ, ಅಗಸ್ತ್ಯನು ನೀರನ್ನೆಲ್ಲ ಕುಡಿದಮೇಲೆ ಬರಿದಾಗಿ ಉಳಿದ ಸಮುದ್ರಗಳಂತೆ ಆ ಬೀದಿಗಳಿದ್ದುವೆಂದು ಹೇಳಿರುವನು. ಮೇಘದೂತದಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಶ್ಲೋಕವುಂಟು. ಅನೇಕ ಸಂಪಾದಕರು ಅದನ್ನು ಪ್ರಕ್ಷಿಪ್ತವೆಂದು ಬದಿಗಿಟ್ಟಿರುವರು. ನನಗೂ ಹಾಗೆಯೇ ತೋರುತ್ತದೆ. ಮಹಾಕಾಲನ ಸಂಜೆಯ ಪೂಜೆಗೆ ಮೇಘದ ಗುಡುಗನ್ನೇ ನಗಾರಿಯಾಗಿಸಿದ ಕವಿಗೆ ಮುತ್ತಿನಂಗಡಿಯ ಮುಂದೆ ನಿಂತು ಎಣಿಸುವ ಸ್ವಭಾವವಿರಲಾರದು. (ಕಾಳಿದಾಸನ ಹೆಸರಿನ ರಸ್ತೆಯೊಂದು ನಮ್ಮ ಬಡಾವಣೆಯಲ್ಲಿಯೇ ಹಾದುಹೋಗಿದೆ. ಈಗ ಅದರ ಎರಡು ಪಕ್ಕಗಳಲ್ಲಿಯೂ ಅಂಗಡಿಗಳೇ. ಪ್ರಕ್ಷೇಪವು ಶ್ಲೋಕದಲ್ಲಿ ಮಾತ್ರ ಆಗುವುದಲ್ಲ.)

ಬಾಣನ ಉಪಮೆ ಚಮತ್ಕಾರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಮನಿಸಿ: ಆ ಬೀದಿಯಲ್ಲಿ ರತ್ನಗಳಿವೆ, ಮಾರುವವನಿಲ್ಲ; ಕೊಳ್ಳುವವನಿಗೂ ಮುಖವಿಲ್ಲ. ಬಾಣನಲ್ಲಿ ಇದು ದೋಷವಾಗಿ ಕಾಣುವುದಿಲ್ಲ. ಅವನ ವಾಕ್ಯದ ಐಶ್ವರ್ಯವೇ ಊರಿನ ಐಶ್ವರ್ಯಕ್ಕೆ ಸಾಟಿಯಾಗಿ ನಿಲ್ಲುವುದು. ಹತ್ತನೆಯ ಶತಮಾನದ ಕೊನೆಗೆ ನಾಗವರ್ಮನು ಅದನ್ನು ಕನ್ನಡದಲ್ಲಿ ಚಂಪುವಾಗಿಸಿದಾಗಲೂ ಕವಿಯ ಕೈ ಅಲ್ಲಿತ್ತು. ಅವರ ಹಿಂದೆ ಬಂದ ಅಲ್ಪಕವಿಗಳ ಪಾಡು ಬೇರೆ. ಪಾಠಶಾಲೆಯಲ್ಲಿ ನಾವು ಬಾಯಿಪಾಠಮಾಡಿದ ಪುರವರ್ಣನೆಗಳಲ್ಲಿ ಅಯೋಧ್ಯೆ ಯಾವುದು, ಹಸ್ತಿನಾವತಿ ಯಾವುದು ಎಂಬುದು ಪದ್ಯದ ಅಂಕಿತನಾಮದಿಂದಲ್ಲದೆ ತಿಳಿಯುತ್ತಿರಲಿಲ್ಲ. ಸಂಪಾದಕರ ಕಟ್ಟು ಈ ವಂಶಕ್ಕೆ ಸೇರಿದುದು. ಬಾಣನ ಪಟ್ಟಿಯು ಉಳಿದಿದೆ, ಬಾಣನು ಹೋಗಿರುವನು.

ಹಾಗಾದರೆ ಪಟ್ಟಿಯೇ ಕೂಡದೆಂದು ಹೇಳಬಹುದೇ? ಅದೂ ಸರಿಯಲ್ಲ. ಇದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಏಷ್ಯಾಖಂಡದ ಮಹಾನಗರಗಳಲ್ಲಿ ಒಂದಾಗಿದ್ದುದು ವಿಜಯನಗರ. ಬಾಡದ ಕನಕದಾಸರು ತಮ್ಮ ಸಾಂಗತ್ಯಕೃತಿಯಾದ ಮೋಹನತರಂಗಿಣಿಯಲ್ಲಿ ಶ್ರೀಕೃಷ್ಣನ ದ್ವಾರಕೆಯನ್ನು ವರ್ಣಿಸುವಾಗ ಈ ನಗರವನ್ನೇ ಕಣ್ಣಮುಂದೆ ಇಟ್ಟುಕೊಂಡಿದ್ದರೆಂಬುದು ವಿದ್ವಾಂಸರ ಅಭಿಪ್ರಾಯ. ಸಂಪ್ರದಾಯವು ಕೊಟ್ಟ ಚೌಕಟ್ಟನ್ನು ಅವರು ಮುರಿಯಲಿಲ್ಲ. ಪುರವರ್ಣನೆ ಬೇಕಾದುದರಿಂದ ಪುರವನ್ನು ವರ್ಣಿಸಿದರು. ಆದರೆ ತಾವು ತಿರುಗಾಡಿದ ಬೀದಿಯ ಗದ್ದಲವನ್ನು ಪುರಾಣದ ಊರಿನೊಳಕ್ಕೆ ತಂದುಬಿಟ್ಟರು. ಹಾಡಿಕೊಳ್ಳುವುದಕ್ಕೆ ಒದಗುವ ಸಾಂಗತ್ಯದ ನಡೆಯೂ ಇದಕ್ಕೆ ಸಹಾಯವಾಯಿತು. ಚಂಪುವಿನ ಕವಿಯು ಪಲ್ಲಕ್ಕಿಯಲ್ಲಿ ಕುಳಿತು ಪೇಟೆಯನ್ನು ನೋಡಿದರೆ ಸಾಂಗತ್ಯದ ಕವಿಯು ಕಾಲ್ನಡಿಗೆಯಲ್ಲಿ ಹೋಗುವನೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದುಂಟು.

ಅದೇ ನಗರಕ್ಕೆ ಪರದೇಶದಿಂದ ಬಂದವರ ಬರಹಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1443ರಲ್ಲಿ ಪಾರಸೀಕ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು, ರತ್ನವರ್ತಕರು ಬಜಾರಿನಲ್ಲಿ ಬಯಲಾಗಿಯೇ ಮುತ್ತುರತ್ನಗಳನ್ನು ಮಾರುವುದನ್ನೂ, ಈ ಜನಕ್ಕೆ ಅನ್ನವೆಷ್ಟು ಅವಶ್ಯಕವೋ ಗುಲಾಬಿಯ ಹೂವೂ ಅಷ್ಟೇ ಅವಶ್ಯಕವೆಂಬುದನ್ನೂ ಬರೆದಿಟ್ಟನು. 1520ರ ಸುಮಾರಿಗೆ ಬಂದ ಪೋರ್ಚುಗೀಸನಾದ ಡೊಮಿಂಗೋ ಪಾಯೆಸನು ಇನ್ನೂ ಲೌಕಿಕ. ಮೂರು ಗೊಂಚಲು ದ್ರಾಕ್ಷಿಗೆ ಒಂದು ಹಣ, ಹತ್ತು ದಾಳಿಂಬೆಗೆ ಒಂದು ಹಣ ಎಂದು ಲೆಕ್ಕವಿಟ್ಟವನು ಅವನು. ಇಲ್ಲಿರುವುದೂ ಪಟ್ಟಿಯೇ, ಇಲ್ಲಿಯೂ ಬೆಲೆಯೇ. ಆದರೂ ಓದುವವನಿಗೆ ಬೇಸರವಿಲ್ಲ. ಏಕೆ? ನಗರದ ವಿಸ್ತಾರವನ್ನು ಹೇಳುವುದಕ್ಕೆ ಪಾಯೆಸನು ಒಂದು ಗುಡ್ಡವನ್ನು ಹತ್ತಿದನು. ಬೆಟ್ಟಸಾಲುಗಳ ನಡುವೆ ಊರು ಹರಡಿಕೊಂಡಿರುವುದರಿಂದ ಪೂರ್ತಿಯಾಗಿ ಕಾಣಲಿಲ್ಲವೆಂದು ಒಪ್ಪಿಕೊಂಡು, ಕಂಡಷ್ಟೇ ರೋಮಿನಷ್ಟು ದೊಡ್ಡದೆಂದನು. ಕಾಣದುದನ್ನು ಕಾಣಲಿಲ್ಲವೆಂದವನ ಮಾತಿನಲ್ಲಿ ದ್ರಾಕ್ಷಿಯ ಬೆಲೆಗೂ ತೂಕ ಬರುವುದು. ನಮ್ಮ ಪ್ರವಾಸಿಗಳು ಒಂದೇ ದಿನದಲ್ಲಿ ಎಲ್ಲವನ್ನೂ ಕಂಡುಬಿಡುವರು. ಕಾಣದೆ ಹೋದುದು ಯಾರ ಬರಹದಲ್ಲಿಯೂ ಇಲ್ಲ.

ಶ್ರೀರಂಗಪಟ್ಟಣದ ರಾಜವೈಭವವನ್ನೂ ನವರಾತ್ರಿಯ ಸಡಗರವನ್ನೂ ಹಾಡಿದ, 1648ರ ಕಂಠೀರವ ನರಸರಾಜ ವಿಜಯದ ಮಾತನ್ನೂ ಇಲ್ಲಿ ಎತ್ತಬಹುದಾಗಿತ್ತು. ನಮ್ಮೂರಿನ ದಸರೆಯ ಪೂರ್ವಜನ್ಮವನ್ನು ತಿಳಿಯಬಯಸುವವರು ಅದನ್ನು ಅಗತ್ಯವಾಗಿ ಓದತಕ್ಕದ್ದು. ಆದರೆ ಅಲ್ಲಿ ನೋಡುವ ಕಣ್ಣು ಅರಮನೆಯದು; ನನ್ನ ಪ್ರಶ್ನೆಗೆ ಉತ್ತರ ದೊರೆತುದು ಬೇರೆ ಕಡೆಯಲ್ಲಿ.

ಮೊದಲನೆಯದು ತಮಿಳಿನ ಶಿಲಪ್ಪದಿಕಾರ. ತಮಿಳು ಬಲ್ಲ ಮಿತ್ರರೊಬ್ಬರು ಬಿಡುವಾದ ಸಂಜೆಗಳಲ್ಲಿ ಅರ್ಥ ಹೇಳಿ ಇದನ್ನು ನನಗೆ ಕೇಳಿಸಿದರು. ಅದರ ಹದಿನಾಲ್ಕನೆಯ ಕಾಂಡಕ್ಕೆ ಊರು ನೋಡಿದ ಕಥೆಯೆಂದೇ ಹೆಸರು. ಸಂಪತ್ತನ್ನೆಲ್ಲ ಕಳೆದುಕೊಂಡು ಮಧುರೆಗೆ ಬಂದ ಕೋವಲನು ಹೆಂಡತಿಯಾದ ಕಣ್ಣಗಿಯನ್ನು ಊರ ಹೊರಗೆ ಸನ್ಯಾಸಿನಿಯ ಬಳಿ ಬಿಟ್ಟು, ಒಬ್ಬನೇ ನಗರದೊಳಕ್ಕೆ ಹೋಗುವನು. ವೇಶ್ಯಾವೀಥಿ, ನವರತ್ನಗಳ ಬೀದಿ, ಚಿನ್ನದ ಬೀದಿ, ಬಟ್ಟೆಯ ಬೀದಿ, ಧಾನ್ಯದ ಬೀದಿ, ಎಲ್ಲವನ್ನೂ ನೋಡಿ ಸಂತುಷ್ಟನಾಗಿ ಹಿಂದಿರುಗುವನು. ರತ್ನಗಳ ಗುಣದೋಷಗಳನ್ನು ಕವಿ ಇಳಂಗೋ ವಿವರಿಸುವುದನ್ನು ಕೇಳಿದರೆ ಬಾಣನೂ ತಲೆದೂಗಿಯಾನು. ಅಷ್ಟಕ್ಕೇ ನಿಂತಿದ್ದರೆ ಇದೂ ಒಂದು ಪುರವರ್ಣನೆಯಾಗುತ್ತಿತ್ತು. ಆದರೆ ಕೋವಲನು ಮರುದಿನ ಅದೇ ಬೀದಿಗೆ ಹೆಂಡತಿಯ ಕಾಲಿನ ಗೆಜ್ಜೆಯನ್ನು ಮಾರಲು ಹೋಗುವನು. ಅಕ್ಕಸಾಲಿಗನ ವಂಚನೆಯಿಂದ ಕಳ್ಳನೆನಿಸಿಕೊಂಡು ಕೊಲೆಯಾಗುವನು. ಹಿಂದಿನ ದಿನ ವಿನೋದಕ್ಕಾಗಿ ನೋಡಿದ ಅಂಗಡಿಗಳೆಲ್ಲವೂ ಆಗ ಬೇರೆಯಾಗಿ ತೋರುವುವು. ರತ್ನದ ದೋಷವನ್ನು ಅಷ್ಟು ಚೆನ್ನಾಗಿ ಪರೀಕ್ಷಿಸಬಲ್ಲ ಊರು ಮನುಷ್ಯನನ್ನು ಪರೀಕ್ಷಿಸಲಾರದೆ ಹೋಯಿತು. ನೋಡುವವನಾಗಿ ಹೋದಾಗ ಸಿಕ್ಕದ ಮಧುರೆ ಮಾರುವವನಾಗಿ ಹೋದಾಗ ಸಿಕ್ಕಿತು.

ಎರಡನೆಯದು ನಮ್ಮದೇ. ಹದಿಮೂರನೆಯ ಶತಮಾನದಲ್ಲಿ ಹಂಪೆಯ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ಬರೆದ ಹರಿಶ್ಚಂದ್ರಕಾವ್ಯವನ್ನು ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಗಳಲ್ಲಿ ಪಾಠ ಹೇಳಿದವನು. ಕಾಶಿಯ ಭಾಗ ಬಂದಾಗಲೆಲ್ಲ ಪರೀಕ್ಷೆಗೆ ಬರುವ ಪದ್ಯಗಳೆಂದು ಸತ್ಯನಿಷ್ಠೆಯ ವಿಷಯವನ್ನೇ ಒತ್ತಿ ಹೇಳಿ ಮುಂದೆ ಸಾಗಿದೆನು. ಅದು ಪೇಟೆಯ ಪ್ರಸಂಗವೆಂಬುದು ನನ್ನ ತಲೆಗೆ ಹೊಳೆದುದು ಈ ಮುಪ್ಪಿನಲ್ಲಿ. ಭರತಖಂಡದ ಯಾವ ಊರನ್ನು ನೋಡುವುದಕ್ಕೆ ಜನರು ಆಯುಷ್ಯವೆಲ್ಲ ಹಂಬಲಿಸುವರೋ, ಯಾವ ಕ್ಷೇತ್ರಕ್ಕೆ ಹೋಗಿ ಬಂದವನ ಕಾಲಿಗೆ ನೆರೆಯವರು ಬಿದ್ದು ನಮಸ್ಕರಿಸುವರೋ, ಆ ಊರಿಗೆ ಹರಿಶ್ಚಂದ್ರನು ಚಂದ್ರಮತಿಯೊಡನೆಯೂ ಲೋಹಿತಾಶ್ವನೊಡನೆಯೂ ಬರುವನು. ಬೆನ್ನ ಹಿಂದೆ ಸಾಲವಸೂಲಿಗೆ ನಿಂತ ನಕ್ಷತ್ರಕನಿರುವನು. ಕೊಟ್ಟ ಗಡುವು ತೀರುತ್ತಿರುವುದು. ಆದುದರಿಂದ ಅವನಿಗೆ ಬೀದಿಯೆಂದರೆ ಒಂದೇ ಅರ್ಥ: ಇಲ್ಲಿ ಕೊಳ್ಳುವವರು ಯಾರು? ಹೆಂಡತಿ ಮಗನನ್ನು ಬ್ರಾಹ್ಮಣನೊಬ್ಬನಿಗೆ ಮಾರಿದರೂ ಹೊಣೆ ತೀರದೆ, ಕೊನೆಗೆ ತನ್ನನ್ನೇ ಸ್ಮಶಾನದ ಒಡೆಯನಾದ ವೀರಬಾಹುವಿಗೆ ಮಾರಿಕೊಳ್ಳುವನು.

ಈ ಸಂದರ್ಭದಲ್ಲಿ ರಾಘವಾಂಕನು ಕಾಶಿಯ ಅಂಗಡಿಗಳಲ್ಲಿ ಏನೇನಿತ್ತೆಂದು ಎಣಿಸುತ್ತ ನಿಲ್ಲುವುದಿಲ್ಲ. ಎಣಿಸಬೇಕಾದ ಅವಶ್ಯಕತೆಯೂ ಇಲ್ಲ; ಮಾರಾಟಕ್ಕೆ ಬಂದ ವಸ್ತುವು ಮಾತನಾಡುತ್ತಿರುವಾಗ ಉಳಿದ ಸರಕುಗಳ ಕಡೆಗೆ ಯಾರ ಕಣ್ಣು ಹೋದೀತು? ಕೊಳ್ಳುವವರ ಮನಸ್ಸು, ಬೆಲೆಯ ಮಾತು, ಕ್ರೂರವಾದ ಅವಸರ, ನೋಡಿಯೂ ನೋಡದಂತೆ ಹೋಗುವ ಊರು, ಇವೆಲ್ಲ ಒಂದು ಬಜಾರಿಗೆ ಸಂಬಂಧಪಟ್ಟ ಸತ್ಯಗಳು. ಕಾಶಿಯ ಘಟ್ಟಗಳನ್ನೂ ಗೋಪುರಗಳನ್ನೂ ವರ್ಣಿಸಿದ ಕ್ಷೇತ್ರಮಾಹಾತ್ಮ್ಯಗಳನ್ನು ನಾನು ಓದಿರುವೆನು. ಕಾಶಿಯಲ್ಲಿ ನಿಂತಂತೆ ಆದುದು ಈ ಕಾವ್ಯದಲ್ಲಿ ಮಾತ್ರ. ಕೆಲವರು ರಾಘವಾಂಕನಲ್ಲಿ ನಾಟಕೀಯತೆ ಹೆಚ್ಚು, ವರ್ಣನೆ ಕಡಮೆ ಎನ್ನುವರು. ಅವನ ನಾಟಕೀಯತೆಯೇ ವರ್ಣನೆಯೆಂದು ಅವರಿಗೆ ನನ್ನ ಉತ್ತರ.

ಇಷ್ಟು ಹೇಳಿದ ಮೇಲೆ ಒಂದು ವಿಷಯವನ್ನು ಮುಚ್ಚಿಡುವುದು ಸಲ್ಲದು. ಸಂಪಾದಕರು ತಂದ ಕಟ್ಟಿನಲ್ಲಿದ್ದ ಸಿಂಗಪುರದ ಲೇಖನಗಳೆರಡರಲ್ಲಿ ಒಂದು ನನ್ನದೇ. ಮಗಳ ಮನೆಗೆ ಹೋದಾಗ ಅಲ್ಲಿಯ ಸೆರಂಗೂನ್ ರಸ್ತೆಯಲ್ಲಿ ಕಳೆದ ಒಂದು ಭಾನುವಾರವನ್ನು ಕುರಿತು ಎರಡು ವರ್ಷದ ಹಿಂದೆ ಬರೆದುಕೊಟ್ಟು ಮರೆತಿದ್ದೆನು. ಬೆಳಗ್ಗೆ ವೀರಮಾಕಾಳಿಯಮ್ಮನ ದರ್ಶನವಾಯಿತೆಂದೂ, ಹೂವಿನ ಹಾರಗಳು ನಮ್ಮ ದೇವರಾಜ ಮಾರುಕಟ್ಟೆಯವಕ್ಕಿಂತ ದುಬಾರಿಯೆಂದೂ, ಮುಸ್ತಫಾ ಅಂಗಡಿಯಲ್ಲಿ ಒಂದು ಕೈಗಡಿಯಾರ, ಎರಡು ಪೆಟ್ಟಿಗೆ ಖರ್ಜೂರ, ಮೊಮ್ಮಗನಿಗೆ ಬಣ್ಣದ ಪೆನ್ಸಿಲುಗಳನ್ನು ಕೊಂಡೆವೆಂದೂ ಬರೆದಿರುವೆನು. ನಡುವೆ ಒಂದು ವಾಕ್ಯವುಂಟು: ಅಂದು ಭಾನುವಾರವಾದುದರಿಂದ ಕೂಲಿಜನರ ಸಂದಣಿ ವಿಪರೀತವಾಗಿ ನಡೆದಾಡಲು ಕಷ್ಟವಾಯಿತು.

ಕಟ್ಟಿನಲ್ಲಿದ್ದ ಎಲ್ಲ ವಾಕ್ಯಗಳಿಗಿಂತಲೂ ಈ ವಾಕ್ಯವೇ ನನ್ನನ್ನು ಚುಚ್ಚಿತು. ತಮಿಳುನಾಡಿನಿಂದಲೂ ಬಾಂಗ್ಲಾದೇಶದಿಂದಲೂ ಹೋಗಿ ಆ ನಗರದ ಕಟ್ಟಡಗಳನ್ನು ಕಟ್ಟುವವರು ವಾರದ ಒಂದು ರಜೆಯ ದಿನ ಅಲ್ಲಿ ಕೂಡುವರು. ತಮ್ಮೂರಿನವರನ್ನು ಕಾಣುವುದಕ್ಕೆ, ಮನೆಗೆ ಹಣ ಕಳುಹಿಸುವುದಕ್ಕೆ. ದಳ್ಳಾಳಿಗೆ ಕೊಡಬೇಕಾದ ಹಣಕ್ಕಾಗಿ ಊರಲ್ಲಿ ಸಾಲಮಾಡಿ, ಆ ಸಾಲ ತೀರುವವರೆಗೆ ತಮ್ಮ ದುಡಿಮೆಯನ್ನು ಅಡವಿಟ್ಟು ಬಂದವರು ಇವರಲ್ಲಿ ಅನೇಕರೆಂಬುದು ಗೊತ್ತಿರುವ ಸಂಗತಿಯೇ. 2013ರ ಡಿಸೆಂಬರ್ 8ರಂದು, ಅದೂ ಭಾನುವಾರವೇ, ಇದೇ ಬಡಾವಣೆಯಲ್ಲಿ ಒಬ್ಬ ತಮಿಳು ಕೆಲಸಗಾರನು ಬಸ್ಸಿನಡಿಯಲ್ಲಿ ಸಿಕ್ಕು ಸತ್ತು, ದೊಡ್ಡ ಗಲಭೆಯಾದುದನ್ನು ವೃತ್ತಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೆವು. ಮೂವತ್ತು ವರ್ಷ ಹರಿಶ್ಚಂದ್ರನನ್ನು ಪಾಠ ಹೇಳಿದ ಉಪಾಧ್ಯಾಯನು ಆ ಬೀದಿಯಲ್ಲಿ ಕೈಗಡಿಯಾರದ ಬೆಲೆಯನ್ನು ಬರೆದುಕೊಂಡನು.

ಇನ್ನೊಂದುಂಟು. ಅದನ್ನು ಲೇಖನದಲ್ಲಿ ಬರೆದಿರಲಿಲ್ಲ. ಹಣ ಕಳುಹಿಸುವ ಅಂಗಡಿಯೊಂದರ ಮುಂದಿನ ಸಾಲನ್ನು ನಾನು ಮೊದಲು ದೇವಾಲಯದ ಪ್ರಸಾದದ ಸಾಲೆಂದೇ ಭ್ರಮಿಸಿದ್ದೆನು. ಆ ಸಾಲಿನಲ್ಲಿದ್ದ ಒಬ್ಬ ಹುಡುಗನು, ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬಹುದು, ನನ್ನ ಕನ್ನಡಕವನ್ನೂ ಜೇಬಿನ ಲೇಖನಿಯನ್ನೂ ನೋಡಿ, ಕೈಯಲ್ಲಿದ್ದ ಕಾಗದವನ್ನು ಚಾಚಿ, ಇದನ್ನು ತುಂಬಿಕೊಡುವಿರಾ ಎಂದು ತಮಿಳಿನಲ್ಲಿ ಕೇಳಿದನು. ಮೈಸೂರಿನಲ್ಲಿ ಬೆಳೆದ ನನಗೆ ಅಷ್ಟು ತಮಿಳು ತಿಳಿಯದುದಲ್ಲ. ಮಗಳು ಅಂಗಡಿಯ ಬಾಗಿಲಿನಿಂದ ಕರೆಯುತ್ತಿದ್ದಳು. ತಮಿಳು ಬಾರದೆಂದು ಕೈಯಾಡಿಸಿ ಮುಂದೆ ಹೋದೆನು.

ಆ ಲೇಖನವನ್ನು ಸಂಪಾದಕರಿಂದ ಹಿಂದಕ್ಕೆ ಪಡೆದಿರುವೆನು. ಭಾನುವಾರದ ಆ ವಾಕ್ಯದಿಂದ ಆರಂಭಿಸಿ ಹೊಸದಾಗಿ ಬರೆಯಬೇಕೆಂದು ನಾಲ್ಕು ದಿನ ಕುಳಿತೆನು. ಕಾಗದವನ್ನು ಚಾಚಿದ ಕೈಯವರೆಗೆ ಬಂದು ಲೇಖನಿ ನಿಲ್ಲುತ್ತದೆ. ಹುಡುಗನ ಹೆಸರೇನು, ಊರಾವುದು, ಹಣವನ್ನು ಯಾರಿಗೆ ಕಳುಹಿಸುತ್ತಿದ್ದನು ಎಂಬುದೆಲ್ಲ ಆ ಕಾಗದದಲ್ಲಿತ್ತು.